ಚಿಪ್ಪಿನೊಳಗೆ ಓಡಿದ ಲಾರಿ

ಎರಡು ವರ್ಷದ ಹಿಂದಿನ ಮಾತು. ತಿಪಟೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಆಗಲೂ ನನ್ನದು ಇದೇ ಕಂಪ್ಯೂಟರ್ ರಿಪೇರಿ ಅಂಗಡಿ. ಅದಕ್ಕೂ ಮುಂಚೆ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊಲಿಯುತ್ತಿದ್ದವನು ನಾನು. ಬಿಚ್ಚಿ, ಸುಟ್ಟು, ಮತ್ತೆ ಜೋಡಿಸಿ ಈ ಕೆಲಸ ಕಲಿತೆ. ಗಿರಾಕಿಯ ಮುಖ ನೋಡಿ ವ್ಯಾಪಾರ ಕುದುರಿಸುವುದನ್ನು ಮಾತ್ರ ಮಂಡಿಯಲ್ಲೇ ಕಲಿತಿದ್ದೆ.

ಒಂದು ಬೆಳಿಗ್ಗೆ ಹಾಲ್ಕುರಿಕೆಯ ರತ್ನಮ್ಮ ಎಂಬವರು ಮಗ ಶಂಕರನನ್ನು ಕರೆದುಕೊಂಡು ಬಂದರು. ಶಂಕರ ಗಡ್ಡ ಮೀಸೆ ಬಂದ ಆಳು, ಬುದ್ಧಿ ಮಾತ್ರ ಐದಾರು ವರ್ಷದ ಮಗುವಿನದು. ಆಕೆಯ ಒಂದು ಕೈಯಲ್ಲಿ ಹೊಸ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ತಿಂಡಿಯ ಡಬ್ಬಿ. ಮನೆಯ ಹಳೆಯ ಕಂಪ್ಯೂಟರ್ ಸುಟ್ಟುಹೋಗಿತ್ತು. ಆಕೆಯ ತಮ್ಮ ಈ ಲ್ಯಾಪ್‌ಟಾಪ್ ಕೊಡಿಸಿದ್ದರಂತೆ.

"ಅದ್ರಲ್ಲಿದ್ದ ಲಾರಿ ಆಟ ಇದ್ರಲ್ಲಿಲ್ಲ ಕಣಣ್ಣ. ಲಾರಿ ತನ್ ಮೇಲೆ ಮುನಿಸ್ಕೊಂಡು ಹೋಯ್ತು ಅಂತ ಮೊನ್ನೆಯಿಂದ ಅನ್ನ ಬುಟ್ಟವ್ನೆ."

"ಅಷ್ಟೇ ತಾನೆ? ಅದ್ರಪ್ಪನಂಥ ಲಾರಿ ಹಾಕ್ಕೊಡ್ತೀನಿ ಬುಡಕ್ಕ," ಎಂದೆ. ಥಳಥಳಿಸುವ ಹೊಸ ಆಟವೊಂದನ್ನು ಹಾಕಿಯೂ ಕೊಟ್ಟೆ. ಶಂಕರ ಒಮ್ಮೆ ನೋಡಿ ಲ್ಯಾಪ್‌ಟಾಪನ್ನು ನನ್ನ ಕಡೆಗೇ ತಿರುಗಿಸಿಟ್ಟ. "ಇದು ನಮ್ಮ ಲಾರಿ ಅಲ್ಲ."

ಹಳೆಯ ಕಂಪ್ಯೂಟರ್ ಎಲ್ಲಿ ಎಂದು ಕೇಳಿದೆ. ಅಟ್ಟದ ಮೇಲೆ, ತೆಂಗಿನಕಾಯಿಯ ಜೊತೆಗೆ ಇಟ್ಟಿದ್ದರಂತೆ. ಮಾರನೆಯ ದಿನ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಶಂಕರನೂ ಜೊತೆಗಿದ್ದ, ತಿಂಡಿಯ ಡಬ್ಬಿಯೂ. ಇಳಿಸುತ್ತಲೇ ಸಮಾಧಾನದಿಂದ ಹೇಳಿದರು: "ಅಲ್ಲಾಡ್ಸಿ ನೋಡ್ದೆ ಕಣಣ್ಣ. ಒಳಗೆ ಗಡಗಡ ಅಂತೈತೆ. ಚೆನ್ನಾಗೈತೆ."

ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟರೆ ಅಲ್ಲಾಡಿಸಿದಾಗ ಸದ್ದಾಗುತ್ತದೆ. ಸದ್ದಾದರೆ ಒಳ್ಳೆಯ ಮಾಲು. ಕಂಪ್ಯೂಟರಿನ ಲೆಕ್ಕ ಇದಕ್ಕೆ ಉಲ್ಟಾ. ಆಟವಿರುವುದು ಹಾರ್ಡ್ ಡಿಸ್ಕಿನಲ್ಲಿ. ಅದರೊಳಗೇನಾದರೂ ಸಡಿಲಗೊಂಡಿದ್ದರೆ ಶಂಕರನ ಲಾರಿ ಅಲ್ಲಿಗೇ ಮುಗಿಯಿತು. ಬಯ್ಗುಳ ನಾಲಿಗೆಯ ತುದಿಗೆ ಬಂದಿತ್ತು. ಆಕೆಯ ಮುಖ ನೋಡಿ ನುಂಗಿಕೊಂಡೆ.

ಬಿಚ್ಚಿದರೆ ಒಳಗೆಲ್ಲ ಹೊಗೆಮಸಿ, ಇಲಿ ಹಿಕ್ಕೆ. ಗಡಗಡ ಅನ್ನುತ್ತಿದ್ದದ್ದು ಕಳಚಿ ಬಿದ್ದಿದ್ದ ಒಂದು ಸ್ಕ್ರೂ. ಡಿಸ್ಕನ್ನು ಹೊರತೆಗೆದು ಕೇಬಲ್ ಹಾಕಿ ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಲಾರಿ ಇತ್ತು.

ಆದರೆ ಲ್ಯಾಪ್‌ಟಾಪಿಗೆ ನಕಲು ಮಾಡಿ ಒತ್ತಿದರೆ, ಇದು ಇಲ್ಲಿ ಓಡುವುದಿಲ್ಲ ಎಂಬ ಸಂದೇಶ ಬಂತು. ಕಾರಣ ಇಷ್ಟು: ಆ ಆಟ 16-ಬಿಟ್ ಕಾಲದ್ದು. ಹಳೆಯ ವಿಂಡೋಸ್ ಆ ಕಾಲದ ಅಪ್ಪಣೆಗಳನ್ನೂ ಅರ್ಥ ಮಾಡಿಕೊಳ್ಳುತ್ತಿತ್ತು. ಈಗಿನ 64-ಬಿಟ್ ವಿಂಡೋಸಿನಲ್ಲಿ ಆ ಏರ್ಪಾಡನ್ನೇ ತೆಗೆದಿದ್ದಾರೆ.

"ಹಳೇ ಡಬ್ಬಾನೇ ರಿಪೇರಿ ಮಾಡ್ಕೊಡಣ್ಣ," ಎಂದರು ರತ್ನಮ್ಮ. ಅದರ ಬೋರ್ಡೇ ಸುಟ್ಟಿತ್ತು, ಬಿಡಿಭಾಗ ಸಿಗುವುದಿಲ್ಲ. ಉಳಿದ ದಾರಿ ವರ್ಚುವಲ್ ಮಷೀನ್, ಅಂದರೆ ಹೊಸ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಒಂದು ಹಳೆಯ ಕಂಪ್ಯೂಟರನ್ನು ಕಟ್ಟುವುದು. ಬಿಡಿಸಿ ಹೇಳಿದೆ. ಆಕೆ ಸ್ವಲ್ಪ ಯೋಚಿಸಿ, "ಚಿಪ್ಪೊಳಗೆ ಕೊಬ್ಬರಿ ಇದ್ದಂಗೆ ಅನ್ನು. ಒಳಗೇ ಇರ್ತದೆ, ಅಂಟ್ಕೊಂಡಿರಲ್ಲ," ಎಂದರು. ಈಗ ಗಿರಾಕಿಗಳಿಗೆ ನಾನು ಹೇಳುವುದೂ ಇದನ್ನೇ.

ಮಧ್ಯಾಹ್ನದ ಹೊತ್ತಿಗೆ ಕೆಂಪು ಲಾರಿ ಪರದೆಯ ಮೇಲೆ ಬಂತು. ಶಂಕರ ಓಡಿ ಬಂದು ಕುಳಿತು ಕೀಲಿ ಒತ್ತಿದ. ಲಾರಿ ಗುಂಡಿನಂತೆ ಚಿಮ್ಮಿ ಮೊದಲ ತಿರುವಿನಲ್ಲೇ ಪ್ರಪಾತಕ್ಕೆ ಬಿತ್ತು. ಅವನು ಎರಡೂ ಕಿವಿ ಮುಚ್ಚಿಕೊಂಡ. "ಲಾರಿಗೆ ಇನ್ನೂ ಸಿಟ್ಟೈತೆ. ಹೋಗಾನ ನಡಿಯಮ್ಮ."

ರತ್ನಮ್ಮ ಎದ್ದರು. "ಬುಡಣ್ಣ, ನೀನೂ ಎಷ್ಟು ಒದ್ದಾಡ್ತೀಯ."

"ಕೂತ್ಕಳಕ್ಕ. ಇನ್ನೂ ವ್ಯಾಪಾರ ಮುಗಿದಿಲ್ಲ."

ಆ ಕಾಲದ ಕೆಲವು ಆಟಗಳು ಗಡಿಯಾರ ನೋಡಿ ಓಡುವುದಿಲ್ಲ, ಪ್ರೊಸೆಸರ್ ಎಷ್ಟು ಜೋರೋ ಅಷ್ಟು ಜೋರು. ಹಾಗಾಗಿ ಒಳಗಿನ ಕಂಪ್ಯೂಟರಿಗೆ ಸಿಗುವ ಪ್ರೊಸೆಸರ್ ಪಾಲನ್ನು ಇಳಿಸಬೇಕು. ಎಷ್ಟು ಇಳಿಸಬೇಕೆಂಬುದು ನನಗೆ ಗೊತ್ತಿರಲಿಲ್ಲ. ಆ ಲಾರಿಯ ನಡಿಗೆ ಬಲ್ಲವನು ಒಬ್ಬನೇ.

"ಹಿಂಗಾ ಶಂಕ್ರಪ್ಪ ಹೋಗ್ತಿದ್ದಿದ್ದು?"

ಕಿವಿ ಮುಚ್ಚಿಕೊಂಡೇ ಓರೆಗಣ್ಣಿನಿಂದ ನೋಡಿದ. "ಮೆಲ್ಲಕೆ."

ಇಳಿಸಿದೆ.

"ಇನ್ನೂ ಮೆಲ್ಲಕೆ. ತುಂಬಾ ಕಾಯಿ ಹಾಕೈತೆ ಅದ್ರಲ್ಲಿ."

ಮತ್ತೆ ಇಳಿಸಿದೆ. ಈ ಸಲ ಅವನು ಕಿವಿಯಿಂದ ಕೈ ತೆಗೆದು ಕೀಲಿಗಳ ಮೇಲಿಟ್ಟ. ಮೊದಲ ತಿರುವಿನಲ್ಲಿ ಲಾರಿಯ ಹಾರನ್ನಿನ ಜೊತೆ ತಾನೂ ಬಾಯಲ್ಲಿ "ಪೋಂ" ಅಂದ. ರತ್ನಮ್ಮ ಡಬ್ಬಿ ತೆಗೆದು ಒಂದು ತುತ್ತು ಚಿತ್ರಾನ್ನ ಹಿಡಿದರು. ಪರದೆಯಿಂದ ಕಣ್ಣು ಕೀಳದೆ ಅವನು ಬಾಯಿ ತೆರೆದ.

ಹಳೆಯ ಕಂಪ್ಯೂಟರನ್ನು ಅಟ್ಟಕ್ಕೆ ಹಾಕುವ ಮುಂಚೆ ಡಿಸ್ಕ್ ತೆಗೆದು ನಕಲು ಮಾಡಿಸಿಟ್ಟುಕೊಳ್ಳಿ, ದಯವಿಟ್ಟು ಅಲ್ಲಾಡಿಸಬೇಡಿ. ನನ್ನಂಥ ಅಂಗಡಿಯವರಿಗೂ ಒಂದು ಮಾತು: ನಿಮ್ಮಲ್ಲಿರುವುದನ್ನು ಮಾರುವ ಮುಂಚೆ, ಬಂದವರು ಏನು ಕಳೆದುಕೊಂಡಿದ್ದಾರೆಂದು ಕೇಳಿ.

ಅಂದು ರತ್ನಮ್ಮ, "ಕೂಲಿ ಎಷ್ಟಾಯ್ತಣ್ಣ?" ಎಂದಾಗ ತಮಾಷೆಗೆ ಶಂಕರನ ಕಡೆ ತಿರುಗಿ, "ಲಾರಿ ಓನರನ್ನೇ ಕೇಳ್ತೀನಿ. ಏನ್ ಕೊಡ್ತೀಯಪ್ಪ?" ಎಂದೆ.

"ಆಮೇಲೆ," ಎಂದ ತಿರುಗಿಯೂ ನೋಡದೆ. "ಲೋಡು ಇಳಿಸ್ಬೇಕು."

'ಆಮೇಲೆ' ಎಂದ ಗಿರಾಕಿಯನ್ನು ನಾನು ಸುಮ್ಮನೆ ಬಿಟ್ಟದ್ದು ಅದೊಂದೇ ಸಲ.