ಸೀಸ ಹಿಡಿದ ನನ್ನ ಬಲಗೈ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಬಂಗಾರಪೇಟೆಯಾಚೆ ಒಂದು ಶೆಡ್ಡಿನಲ್ಲಿ ಕೂಲಿಗೆ ಹೋಗುತ್ತಿದ್ದೆ. ಹಳೇ ಬ್ಯಾಟರಿ ಒಡೆದು ಒಳಗಿನ ಸೀಸ ತೆಗೆಯುವುದು ನಮ್ಮ ಕೆಲಸ. ಪಕ್ಕದಲ್ಲೇ ಅದನ್ನು ಕರಗಿಸುತ್ತಿದ್ದರು. ಆ ಹೊಗೆಯಲ್ಲೇ ಕೂತು ನಾವು ಏಳೆಂಟು ಹೆಂಗಸರು ಬುತ್ತಿ ಉಣ್ಣುತ್ತಿದ್ದೆವು.

ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆ ಹಿಂಡುವ ನೋವು ಶುರುವಾಯಿತು. ಆಮೇಲೆ ಮರೆವು. ಒಲೆಯ ಮೇಲಿಟ್ಟ ಸಾರು ಸೀದು ಹೋಗುತ್ತಿತ್ತು. ಸಣ್ಣ ಮಾತಿಗೂ ಅತ್ತೆಯ ಮೇಲೆ ರೇಗುತ್ತಿದ್ದೆ. ಒಂದು ಬೆಳಿಗ್ಗೆ ಮುದ್ದೆ ತಿರುವಲು ಹೋದರೆ ಬಲಗೈ ಮಣಿಕಟ್ಟಿನಿಂದ ಜೋತುಬಿತ್ತು. ನೋವೇನಿಲ್ಲ, ಎತ್ತಿದರೆ ಏಳುವುದೇ ಇಲ್ಲ.

"ಲಕ್ವ ಒಡೆದೈತೆ" ಎಂದರು ಅಕ್ಕಪಕ್ಕದವರು. ಎಣ್ಣೆ ತಿಕ್ಕಿದರೂ ಪ್ರಯೋಜನವಾಗಲಿಲ್ಲ. ನನ್ನವರು ಲಾರಿ ಮೇಲೆ ದೂರ ಹೋಗಿದ್ದರು. ಅತ್ತೆಯೇ ನನ್ನನ್ನು ಹತ್ತಿರದ ಊರಿಗಾಂ ಎಂಬ ಊರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು.

ಅವರು ಮೊದಲು ಕೇಳಿದ್ದೇ, "ಏನು ಕೆಲಸ ಮಾಡ್ತೀರಮ್ಮ?" ಎಂದು. ಹೇಳಿದೆ. ನನ್ನ ತುಟಿ ಸರಿಸಿ ನೋಡಿದರು. ಒಸಡಿನ ಅಂಚಿಗೆ ನೀಲಿ ಗೆರೆ ಮೂಡಿತ್ತು. ರಕ್ತ ಪರೀಕ್ಷೆಯಾದ ಮೇಲೆ ಕೂರಿಸಿಕೊಂಡು ಹೇಳಿದರು: "ಇದು ಲಕ್ವ ಅಲ್ಲ. ಮೈಗೆ ಸೀಸ ಸೇರಿದೆ, ಕೈ ಎತ್ತೋ ನರ ಸೋತಿದೆ. ಆ ಶೆಡ್ಡಿಗೆ ಮತ್ತೆ ಕಾಲಿಡಬೇಡಿ."

"ಕೈ ಮತ್ತೆ ಬತ್ತದಾ ತಾಯಿ?" ಎಂದರು ಅತ್ತೆ.

"ಬರಬಹುದು. ತಾಳ್ಮೆ ಬೇಕು."

ಬೆಂಗಳೂರಿನ ಆಸ್ಪತ್ರೆಯಲ್ಲಿ ಸೀಸ ಇಳಿಸುವ ಔಷಧಿ ಕೊಟ್ಟರು. ಮನೆಗೆ ಬಂದ ಮೇಲೆ ಅತ್ತೆ ದಿನವೂ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಿಕೊಟ್ಟಂತೆ ಮಡಿಸಿ ಬಿಡಿಸುತ್ತಿದ್ದರು.

"ಬುಡಿ ಅತ್ತೆ, ಇದು ಸತ್ತೋಗೈತೆ" ಎಂದು ನಾನು ಒಂದು ಸಲ ಅತ್ತುಬಿಟ್ಟೆ.

"ಸತ್ತಿದ್ರೆ ಇಂಗೆ ಬೆಚ್ಚಗಿರ್ತಿತ್ತಾ? ಎತ್ತು" ಎಂದರು.

ತಿಂಗಳುಗಳು ಉರುಳಿದವು. ಒಂದು ದಿನ ಅಂಗಳದಲ್ಲಿ ಹರವಿದ್ದ ರಾಗಿಗೆ ಕಾಗೆ ಬಂತು. "ಉಶ್" ಎಂದು ಓಡಿಸಿದೆ. ಓಡಿಸಿದ್ದು ಬಲಗೈ. ಕೊಟ್ಟಿಗೆ ಬಾಗಿಲಲ್ಲಿದ್ದ ಅತ್ತೆ ಸಗಣಿ ಕೈಯಲ್ಲೇ ಓಡಿಬಂದು ಆ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಮಾರನೇ ದಿನ ಅವರೇ, "ನಡಿ, ಆ ಎಣ್ಮಕ್ಕಳ ಕೈನೂ ಉಳ್ಸನ" ಎಂದರು. ಊಟದ ಹೊತ್ತಿಗೆ ಶೆಡ್ಡಿನ ಗೇಟಿಗೆ ಹೋದೆವು. "ಕೆಲ್ಸ ಕೆಡ್ಸಾಕೆ ಬಂದ್ರಾ?" ಎಂದು ಮೇಸ್ತ್ರಿ ಅಡ್ಡ ನಿಂತ. ಅತ್ತೆ ಅವನ ಪಕ್ಕದಿಂದಲೇ ನುಗ್ಗಿ ಒಳಗೆ ನಡೆದರು. "ಒಬ್ಬರ ಒಸಡು ಇನ್ನೊಬ್ಬರು ನೋಡ್ಕೊಳ್ಳಿ" ಎಂದೆ ನಾನು. ನನ್ನ ಜೊತೆ ಕೂಲಿ ಮಾಡುತ್ತಿದ್ದ ಮುನಿಯಮ್ಮನ ತುಟಿ ಸರಿಸಿದವಳು ಉಳಿದವರಿಗೆ ಬೆರಳು ಮಾಡಿ ತೋರಿಸಿದಳು. ಅಲ್ಲೂ ಅದೇ ನೀಲಿ ಗೆರೆ.

ಆ ವಾರವೇ ಅಷ್ಟೂ ಹೆಂಗಸರು ನಮ್ಮ ಜೊತೆ ಡಾಕ್ಟರಮ್ಮನ ಹತ್ತಿರ ಹೊರಟರು. ಇಬ್ಬರಿಗೆ ಸೀಸ ಬಹಳ ಹೆಚ್ಚಾಗಿತ್ತು. ಕೈ ಬೀಳುವ ಮೊದಲೇ ಅವರಿಗೆ ಔಷಧಿ ಸಿಕ್ಕಿತು. ಒಬ್ಬರೂ ಶೆಡ್ಡಿಗೆ ಮರಳಲಿಲ್ಲ. ಆಳುಗಳಿಲ್ಲದೆ ಅದರ ಬಾಗಿಲು ಮುಚ್ಚಿತು. ಈಗ ನಾವೆಲ್ಲ ಮಾವಿನ ತೋಟಕ್ಕೆ, ಹಾಲಿನ ಕೆಲಸಕ್ಕೆ ಹಂಚಿಹೋಗಿದ್ದೇವೆ.

ಆ ಹೆಂಗಸರನ್ನು ಡಾಕ್ಟರಮ್ಮನಿಗೆ ತೋರಿಸಿ ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಎದ್ದು ನಿಂತು, ಗುರುತು ಪರಿಚಯವಿಲ್ಲದವರಿಗೆಲ್ಲ, "ನೋಡ್ರಪ್ಪ, ನಮ್ ಸೊಸೆ, ಬಿದ್ದ ಕೈ ಎತ್ತವ್ಳೆ" ಎಂದು ಹೇಳುತ್ತಿದ್ದರು. ನಾಚಿಕೆಯಿಂದ ಅವರ ಸೆರಗು ಎಳೆದು ಕೂರಿಸಿದೆ. ಹೇಳುವಾಗ ಅವರ ಮುಖದಲ್ಲಿದ್ದ ಹೆಮ್ಮೆ ನೆನೆದರೆ ಇವತ್ತಿಗೂ ನನಗೆ ಎದೆ ತುಂಬಿ ಬರುತ್ತದೆ.