ನಡೆಯದ ಮದುವೆಯ ತಾಂಬೂಲದ ಚೀಲಗಳು

ಮದುವೆ ಮುರಿದವರು ಮಾಲೂರಿನ ಆ ಮನೆಯವರು. ಕಾರಣ ಹೇಳದೆ, ಕ್ಷಮೆ ಕೇಳದೆ, ಮೂರನೆಯವರ ಬಾಯಲ್ಲಿ ‘ಬೇಡ’ ಎಂದು ಹೇಳಿಕಳಿಸಿ ಕೈತೊಳೆದುಕೊಂಡವರು. ಇಂದಿನವರೆಗೂ ಅವರು ಯಾರಿಗೂ ಉತ್ತರ ಕೊಟ್ಟಿಲ್ಲ. ಆದರೆ ನಡೆಯದ ಆ ಮದುವೆಯ ತಾಂಬೂಲದ ಚೀಲಗಳನ್ನು ಮುಳಬಾಗಿಲಿನ ಸಂತೆಯಲ್ಲಿ ನಿಂತು ಹಂಚಿದವಳು ನಾನು. ಹಂಚಿ, ತಪ್ಪನ್ನು ಅಕ್ಕನ ತಲೆಯ ಮೇಲೆ ಬಿಟ್ಟು ಸುಮ್ಮನಿದ್ದವಳೂ ನಾನೇ. ಅವರಿಂದ ಉತ್ತರ ಕೇಳುವ ಮೊದಲು ನನ್ನ ಉತ್ತರವನ್ನು ನಾನು ಕೊಡಬೇಕು.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ಒಂದೇ ಮನೆಯಲ್ಲಿ ಬೆಳೆದವರು ನಾವು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ — ಒಮ್ಮೆ ಊರಿಗೆಲ್ಲ ಹಂಚಿದ್ದು ಸಾಕು.

ಮದುವೆಗೆ ಬಂದವರಿಗೆ ತೆಂಗಿನಕಾಯಿ, ಎಲೆ ಅಡಿಕೆ ಹಾಕಿಕೊಡಲೆಂದು ದೊಡ್ಡಪ್ಪ ಹಳದಿ ಬಟ್ಟೆಯ ಚೀಲಗಳನ್ನು ಮೊದಲೇ ಹೊಲಿಸಿಟ್ಟಿದ್ದರು. ಒಂದೊಂದರ ಮೇಲೂ ಕೆಂಪು ಅಕ್ಷರಗಳಲ್ಲಿ ಅಕ್ಕನ ಹೆಸರು, ಪಕ್ಕದಲ್ಲಿ ಮಾಲೂರಿನ ಹುಡುಗನ ಹೆಸರು, ಕೆಳಗೆ ಛತ್ರದ ಹೆಸರು. ಮದುವೆ ನಿಂತ ಮೇಲೆ ಆ ಕಟ್ಟುಗಳು ಅಟ್ಟ ಸೇರಿದವು. ಹೆಣ್ಣುಮಗಳ ಹೆಸರು ಬರೆದ ಹೊಸ ಬಟ್ಟೆಯನ್ನು ಸುಡಲು ದೊಡ್ಡಮ್ಮನಿಗೆ ಕೈ ಬರಲಿಲ್ಲ, ಎಸೆಯಲೂ ಬರಲಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ನಾನು ಬೆಂಗಳೂರಿನ ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದೆ — ಓದಿದ್ದೆಲ್ಲ ನಾಲಿಗೆಯ ತುದಿಯಲ್ಲಿ ಉರಿಯುತ್ತಿದ್ದ ಕಾಲ. ಕೆರೆಯ ಕೋಡಿಯಲ್ಲಿ ಪ್ಲಾಸ್ಟಿಕ್ ಕವರುಗಳು ಸಿಕ್ಕಿಕೊಂಡು ನೀರು ಹರಿಯುತ್ತಿರಲಿಲ್ಲ. ಸಂತೆಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಚೀಲ ಮನೇಲೇ ಮರ್ತು ಬಂದೆ. ಮರೆತವರ ಕೈಗೆ ಒಂದು ಬಟ್ಟೆಯ ಚೀಲ ಕೊಡುವುದು, ಮುಂದಿನ ಸಂತೆಗೆ ಅದನ್ನೇ ತರಬೇಕೆಂದು ಮಾತು ತೆಗೆದುಕೊಳ್ಳುವುದು — ಇದು ನನ್ನ ಯೋಜನೆ. ಚೀಲಗಳು ಅಟ್ಟದ ಮೇಲಿದ್ದವು.

ಕದ್ದೆ ಎಂದು ಹೇಳಲಾರೆ. ಅಕ್ಕನನ್ನು ಕೇಳಿದ್ದೆ. ಆಗ ಅವಳು ದಿನವೂ ಕೋಲಾರಕ್ಕೆ ಬಸ್ಸಿನಲ್ಲಿ ಹೋಗಿಬಂದು ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಅವಳು ಅಂದಳು: “ಕೊಡು ಕಣೇ, ಚೀಲ ಏನ್ ತಪ್ಪು ಮಾಡಿದೆ. ಆದ್ರೆ ಒಂದೊಂದನ್ನೂ ಬಿಚ್ಚಿ, ಒಳಮೈ ಹೊರಗೆ ಮಾಡಿ ಹೊಲೀತೀನಿ. ದಸರಾ ರಜೆ ಬರ್ಲಿ. ಅಲ್ಲೀ ತನಕ ಮುಟ್ಬೇಡ.”

ದಸರಾ ದೂರವಿತ್ತು. ನನ್ನ ರಜೆ ಮುಗಿಯುತ್ತಿತ್ತು. ಸಂತೆಗೆ ಒಬ್ಬ ಪತ್ರಿಕೆಯವರು ಬರುವುದಾಗಿ ಒಪ್ಪಿದ್ದರು… ಅಕ್ಕ ಬಸ್ಸು ಹತ್ತಿದ ಮೇಲೆ ನಾನು ಅಟ್ಟ ಹತ್ತಿದೆ. ಹೆಸರುಗಳನ್ನು ಓದಿದೆ. ಹೌದು, ಓದಿದೆ. ಚೀಲದ ಮೇಲಿನ ಅಕ್ಷರವನ್ನು ಯಾರು ಓದುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ — ಓದು ಬಲ್ಲವಳು ಹೇಳಬಾರದಿದ್ದ ಮಾತು.

ಜನ ಮಾತು ಉಳಿಸಿಕೊಂಡರು. ಮುಂದಿನ ಸಂತೆಗೆ ಚೀಲ ಮರೆಯದೆ ತಂದರು, ಅದರ ಮುಂದಿನದಕ್ಕೂ ತಂದರು. ನಾನು ಬಯಸಿದ್ದೇ ಆಯಿತು. ಪ್ರತಿ ವಾರ ಅಕ್ಕನ ಹೆಸರು ಆ ಹುಡುಗನ ಹೆಸರಿನೊಂದಿಗೆ ಸಂತೆಗೆ ಬಂದು, ಬದನೆಕಾಯಿ ತುಂಬಿಕೊಂಡು ಮನೆಮನೆಗೆ ಹೋಯಿತು. ಕೋಲಾರದ ಬಸ್ಸಿನಿಂದ ಇಳಿದು ತರಕಾರಿಗೆ ನಿಂತಿದ್ದ ಅಕ್ಕನನ್ನು, ಸುಗಟೂರಿನಿಂದ ಟೊಮೇಟೊ ತರುತ್ತಿದ್ದ ಹೆಂಗಸು, ಮದುವೆ ಯಾವಾಗ ಆಯಿತೆಂದು ತನ್ನ ತೆಲುಗು ಬೆರೆತ ಮಾತಿನಲ್ಲಿ ಪ್ರೀತಿಯಿಂದಲೇ ಕೆಣಕಿದಳಂತೆ: “ಪೆಳ್ಳಿ ಎಪ್ಪುಡಮ್ಮಾ ಆಯ್ತು? ನಮಗೊಂದು ಊಟ ಹಾಕ್ಸೋಕೂ ಆಗ್ಲಿಲ್ವಾ ನಿಮ್ಮಪ್ಪಂಗೆ?” ತಾಂಬೂಲದ ಚೀಲ ಕೈಗೆ ಬಂದಿದೆಯೆಂದರೆ ಮದುವೆ ನಡೆದಿದೆ ಎಂದೇ ಅಲ್ಲವೆ ನಮ್ಮಲ್ಲಿ ಅರ್ಥ?

ಮುಂದಿನ ಸಲ ನಾನು ಊರಿಗೆ ಬಂದ ಸಂಜೆ ಅಡಿಗೆಮನೆಯಲ್ಲಿ ದೊಡ್ಡಮ್ಮ ನನ್ನನ್ನು ಕೇಳಿದರು. “ಅಕ್ಕನೇ ಕೊಡು ಅಂದ್ಲು” ಎಂದೆ. ದೊಡ್ಡಮ್ಮ ಅವಳತ್ತ ತಿರುಗಿದರು: ಹೌದೇನೇ?

ಅಕ್ಕ ನನ್ನ ಮುಖ ನೋಡಿದಳು. “ಕೊಡು ಅಂದಿದ್ದೆ” ಎಂದಳು. ಉಳಿದರ್ಧವನ್ನು ನಾನು ಹೇಳಲೆಂದು ಬಿಟ್ಟಿದ್ದಳು. ಸಾರು ಕುದಿಯುತ್ತಿತ್ತು. ನಾನು ಹೇಳಲಿಲ್ಲ.

ಅದೇ ದಿನಗಳಲ್ಲಿ ಶ್ರೀನಿವಾಸಪುರದಿಂದ ಒಂದು ಸಂಬಂಧ ಬಂದಿತ್ತು. ಅಕ್ಕನಿಗೂ ಆ ಹುಡುಗ ಮನಸ್ಸಿಗೆ ಬಂದಿದ್ದ. ಅವನ ಮಾತು ಬಂದಾಗ ಅವಳು ಎದ್ದು ಹೋಗುತ್ತಿರಲಿಲ್ಲ, ಅಷ್ಟರಿಂದಲೇ ನಮಗೆ ತಿಳಿಯುತ್ತಿತ್ತು. ಚೀಲ ಅವರ ನೆಂಟರ ಮನೆಗೂ ಹೋಗಿತ್ತು. ಮದುವೆಯಾದ ಹುಡುಗಿಯನ್ನು ತೋರಿಸಿದಿರಾ ಎಂದು ಕೇಳಿಕಳಿಸಿದರು. ದೊಡ್ಡಪ್ಪ ತಾವೇ ಹೋಗಿ, ಮದುವೆ ನಡೆಯಲೇ ಇಲ್ಲವೆಂದು ವಿವರಿಸಿದರು. ಅವರು ನಂಬಿದರು. ಹಾಗಾದರೆ ಹಂಚಿದ್ದು ಯಾರು ಎಂದರು. ದೊಡ್ಡಪ್ಪ ತಮಗೆ ಗೊತ್ತಿದ್ದ ಸತ್ಯವನ್ನು — ನಾನು ಕಟ್ಟಿಕೊಟ್ಟ ಸತ್ಯವನ್ನು — ಹೇಳಿದರು. “ಅಷ್ಟು ನಾಚಿಕೆ ಬಿಟ್ಟ ಹುಡುಗಿ ನಮ್ಮನೇಗೆ ಬೇಡ” ಎಂಬ ಉತ್ತರ ಬಂತು. ನಾನಾಗ ಹಾಸ್ಟೆಲಿನಲ್ಲಿ ಕುಳಿತು, ಪುರಸಭೆಯ ಹೊಣೆಗೇಡಿತನದ ಬಗ್ಗೆ ಲೇಖನ ಬರೆಯುತ್ತಿದ್ದೆ. ವಿಷಯ ತಿಳಿದ ಮೇಲೂ ಬರೆದು ಮುಗಿಸಿದೆ.

ಸುಮ್ಮನಿದ್ದುದಕ್ಕೆ ಕಾರಣಗಳಿದ್ದವು. ಬರೆದರೆ ಅವು ನೆಪಗಳಾಗುತ್ತವೆ — ಬರೆಯುವುದಿಲ್ಲ. ಅಕ್ಕ ಈಗ ಕೋಲಾರದಲ್ಲೇ ಮನೆ ಮಾಡಿಕೊಂಡಿದ್ದಾಳೆ. ಹಬ್ಬಕ್ಕೆ ಬಂದರೂ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾಳೆ. ಅವಳ ಬೆನ್ನಹಿಂದೆ ನೆಂಟರು, ಕೈಯಾರೆ ಕೆಡಿಸಿಕೊಂಡಳು ಎನ್ನುತ್ತಾರೆ. ಆ ಮಾತು ನಡೆದಾಗಲೆಲ್ಲ ನಾನು ಅಲ್ಲೇ ಇದ್ದೆ.

ಆದ್ದರಿಂದ ವಿನಂತಿಸುತ್ತೇನೆ. ಆ ಹಳದಿ ಚೀಲ ಯಾರ ಮನೆಯಲ್ಲಿದೆಯೋ ಅವರು ದಯವಿಟ್ಟು ಎಸೆಯಬೇಡಿ. ನನ್ನ ಕೈಗೆ ಕೊಡಿ, ಒಳಮೈ ಹೊರಗೆ ಮಾಡಿ ಹೊಲಿದು ಹಿಂದಿರುಗಿಸುತ್ತೇನೆ. ಮಾಲೂರಿನ ಮನೆಯವರು ಮದುವೆ ಮುರಿದ ಕಾರಣವನ್ನು, ಅದರಲ್ಲಿ ಅಕ್ಕನ ತಪ್ಪು ಏನೂ ಇರಲಿಲ್ಲವೆಂಬುದನ್ನು, ದೊಡ್ಡಪ್ಪನ ಮನೆಗೆ ಬಂದು ಹೇಳಬೇಕು. ದೊಡ್ಡಪ್ಪ, ದೊಡ್ಡಮ್ಮ — ನಿಮಗೆ ನಾನು ಹೇಳಿದ್ದು ಅರ್ಧ ಸತ್ಯ. ಇಡೀ ಸತ್ಯವನ್ನು ಅದೇ ನೆಂಟರ ಮುಂದೆ ನಾನು ಹೇಳುತ್ತೇನೆ. ನೀವು ಅವರನ್ನು ಕರೆಸಬೇಕು.

ಅಕ್ಕ, ಈ ಬರಹ ಮೊದಲು ನಿನ್ನ ಕೈ ಸೇರುತ್ತದೆ. ಕ್ಷಮಿಸು ಎಂದು ಕೇಳುವುದಿಲ್ಲ, ಉತ್ತರ ಕೇಳುತ್ತೇನೆ. ಅದು ಬೈಗುಳವಾದರೂ ಸರಿ, ಬೇಡ ಎಂಬ ಒಂದೇ ಮಾತಾದರೂ ಸರಿ. ನೀನು ಒಪ್ಪದೆ ಇದು ಅಚ್ಚಾಗುವುದಿಲ್ಲ.