ಬೆಕ್ಕಿಗಾಗಿ ಸುಟ್ಟ ಒಣಮೀನು

ಮರಾಠಿ ಸೀಮೆಯ ಕಾತ್ರಜದಲ್ಲಿ ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲು, ಅದರ ಮಾಳಿಗೆಯಲ್ಲೇ ಮನೆ. ಕರಾವಳಿಯವರಾದ ನಮಗೆ ಮೀನಿಲ್ಲದೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಕೆಳಗೆ ದೋಸೆ ತಿನ್ನುವವರಿಗೆ ವಾಸನೆ ಹೋದೀತೆಂದು ನನ್ನ ಗಂಡ ಮನೆಯಲ್ಲಿ ಮೀನು ಬೇಯಿಸಲು ಬಿಡುತ್ತಿರಲಿಲ್ಲ. ಊರಿಂದ ತಂದ ಒಣಮೀನು ಡಬ್ಬಿಯಲ್ಲಿ ಬಿಗಿಯಾಗಿ ಕೂತು ಹೋಟೆಲಿನ ರಜೆಗೆ ಕಾಯುತ್ತಿತ್ತು. ರಜೆ ಅಂತ ಇದ್ದದ್ದಾದರೂ ಯಾವಾಗ?

ಆ ಡಬ್ಬಿಯನ್ನು ಪತ್ತೆಹಚ್ಚಿದವಳು ನಮ್ಮ ಬೆಕ್ಕು. ಮೆಟ್ಟಿಲ ಕೆಳಗೆ ಸಿಕ್ಕಿದ ಹಳದಿ ಮರಿ. ಕಪಾಟಿನ ಮುಂದೆ ಕೂತು ಕೂಗಲು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ.

"ಎಂತ ಮೂಗು ಮಾರಾಯ್ತಿ ಇವಳದ್ದು. ನನ್ನ ಹೋಟೆಲು ಮುಚ್ಚಿಸ್ತಾಳೆ," ಎಂದು ಗಂಡ ಬೈಯುತ್ತಿದ್ದರು. ಬೈದದ್ದಷ್ಟೇ ಬಂತು, ಅವಳು ಮಲಗುತ್ತಿದ್ದದ್ದು ಅವರ ಹೊಟ್ಟೆಯ ಮೇಲೆ.

ಈ ಮಳೆಗಾಲದಲ್ಲಿ ಅವಳಿಗೆ ಸೀನು ಹಿಡಿಯಿತು. ಕಣ್ಣು ಅಂಟಿಕೊಂಡಿತು. ಮೂಗು ಕಟ್ಟಿ, ಬಾಯಿ ತೆರೆದು ಉಸಿರಾಡತೊಡಗಿದಳು. ಔಷಧಿ ಕೊಟ್ಟದ್ದಾಯಿತು, ಬಿಸಿನೀರಿನ ಹಬೆಯಲ್ಲಿ ಕೂರಿಸಿದ್ದಾಯಿತು. ತಟ್ಟೆಯವರೆಗೆ ಹೋಗಿ ಮೂಸಿ, ಹಾಗೇ ತಿರುಗಿ ಬರುತ್ತಿದ್ದಳು. ಸಿರಿಂಜಿನಲ್ಲಿ ಹಾಕಿದ ಗಂಜಿಯೂ ಹೊರಗೇ ಬಂತು.

ಬೆಕ್ಕುಗಳು ವಾಸನೆ ಹಿಡಿದೇ ತಿನ್ನುವುದು ಎಂದು ಡಾಕ್ಟರಮ್ಮ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಏನಾದರೂ ಘಾಟಿನದ್ದು ಬಿಸಿಮಾಡಿ ಕೊಡಿ, ಹೊಟ್ಟೆಗೆ ಬಿದ್ದರೆ ಉಳಿದಾಳು, ಇಲ್ಲದಿದ್ದರೆ ಕಷ್ಟ ಎಂದರು.

ಮರುದಿನ ಬೆಳಿಗ್ಗೆ ಗಂಡ ತಾವೇ ಡಬ್ಬಿ ಇಳಿಸಿದರು.

"ಕೆಳಗೆ ಗಿರಾಕಿಗಳುಂಟು," ಎಂದೆ.

"ಇರ್ಲಿ ಬಿಡು."

ಮೀನನ್ನು ಕೆಂಪಗೆ ಸುಟ್ಟು, ಪುಡಿಮಾಡಿ ಬಿಸಿ ಗಂಜಿಗೆ ಕಲಸಿದರು. ವಾಸನೆ ಮೆಟ್ಟಿಲಿಳಿದು ಹೋಯಿತು. ಧಾರವಾಡದ ಕಡೆಯ ಖಾಯಂ ಗಿರಾಕಿಯೊಬ್ಬರು ಕೆಳಗಿಂದಲೇ, "ಮಾಲಕ್ರ, ಏನ್ ವಾಸನಿರಿ ಇದು?" ಎಂದು ಕೂಗಿದರು. ಕುರ್ಚಿ ಎಳೆದು ಜನ ಏಳುವುದು ಕೇಳಿಸಿತು. ಗಂಡ ಕದಲಲಿಲ್ಲ. ಬೆರಳಿಗೆ ಗಂಜಿ ಮೆತ್ತಿ ಅವಳ ಮೂಗಿಗೆ ಹಿಡಿದು, "ನಿನ್ನ ಮೀನು ಮಗಾ, ಮೂಸು," ಎನ್ನುತ್ತಲೇ ಇದ್ದರು.

ಇಡೀ ಓಣಿಗೆ ಗೊತ್ತಾದದ್ದು ಅವಳಿಗೊಬ್ಬಳಿಗೆ ಗೊತ್ತಾಗಲಿಲ್ಲ. ಬೆರಳನ್ನು ಸುಮ್ಮನೆ ನೋಡಿ, ಅವರ ಅಂಗೈಯಲ್ಲಿ ತಲೆಯಿಟ್ಟಳು. ನನಗೆ ನೋಡಲಾಗದೆ ಹೊರಗೆ ಬಂದೆ. ಸಂಜೆಯೊಳಗೆ ಹೋಗಿಬಿಟ್ಟಳು.

ಎಷ್ಟೋ ದಿನಗಳ ಮೇಲೆ ಆ ಗಿರಾಕಿ ಮತ್ತೆ ಬಂದರು. ಅವತ್ತು ಏನು ಸುಟ್ಟಿರಿ ಎಂದು ಕೇಳಿದರು. ಹೋಟೆಲಿನ ಹೆಸರಿಗಾಗಿ ಎಂಥ ಸುಳ್ಳನ್ನಾದರೂ ಹೇಳಬಲ್ಲ ನನ್ನ ಗಂಡ, "ಒಣಮೀನು. ನಮ್ಮ ಬೆಕ್ಕಿಗೆ," ಎಂದರು. ಗಿರಾಕಿ ಮೆಲ್ಲಗೆ ಕೇಳಿದರು:

"ತಿಂತೇನ್ರಿ ಅದು?"

ಗಂಡ ಗಲ್ಲಾದ ಮೇಲೆ ತಲೆಯಿಟ್ಟು ಅತ್ತುಬಿಟ್ಟರು.